ಭಾವನಿಗೆ ಹೇಳದೆ ಉಳಿದ ಲೆಕ್ಕ

ಕಳೆದ ತಿಂಗಳು ದೇವರಾಜ ಮಾರುಕಟ್ಟೆಯಲ್ಲಿ ನಿಂಬೆಹಣ್ಣು ಆರಿಸುತ್ತಿದ್ದೆ. ರಸ ಎಷ್ಟಿದೆ ನೋಡಿ ಎಂದು ಮಾರುವವನು ಒಂದು ಹಣ್ಣನ್ನು ಅರ್ಧಕ್ಕೆ ಕುಯ್ದು ನನ್ನ ಮುಖದ ಹತ್ತಿರ ಹಿಡಿದ. ಆ ವಾಸನೆ ಮೂಗಿಗೆ ಬಡಿದದ್ದೇ ಕೈಯಲ್ಲಿದ್ದ ಚೀಲವನ್ನು ನೆಲಕ್ಕಿಟ್ಟುಬಿಟ್ಟೆ. "ಯಾಕಮ್ಮ, ಸುಸ್ತಾಯ್ತಾ?" ಎಂದ. ಏನಿಲ್ಲಪ್ಪ ಎಂದು ಹಣ್ಣು ಕೊಳ್ಳದೆಯೇ ಹೂವಿನ ಸಾಲಿನ ಕಡೆಯಿಂದ ಹೊರಗೆ ಬಂದೆ. ನಾಲ್ಕು ವರ್ಷದ ಹಿಂದೆ, ಒಂದು ಮೇ ತಿಂಗಳಲ್ಲಿ, ನನ್ನ ಮನೆಯ ಮಹಡಿ ಕೋಣೆಯಿಂದ ಹಗಲೆಲ್ಲ ಬರುತ್ತಿದ್ದದ್ದು ಇದೇ ವಾಸನೆ. ಒಳಗೆ ನನ್ನ ಅಕ್ಕ ನಾಗರತ್ನ ಒಬ್ಬಳೇ ಕೂತು ನಿಂಬೆ ಹೋಳು ಚೀಪುತ್ತಿದ್ದಳು.

ಅಕ್ಕ ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಬನ್ನೂರಿನ ಹತ್ತಿರದ ನಮ್ಮ ಊರಲ್ಲಿ ನಾಟಿ, ಕಳೆ ಅಂತ ಗದ್ದೆಗಿಳಿಯುತ್ತಲೇ ಓದಿ ಎಂ.ಎಸ್ಸಿ. ಮುಗಿಸಿದ ಮೊದಲ ಹೆಣ್ಣು ಅವಳು. ನಾನು ಶಶಿಕಲಾ, ಅವಳಿಗಿಂತ ಆರು ವರ್ಷ ಚಿಕ್ಕವಳು, ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲೇ ಫೇಲಾದವಳು. ನನ್ನ ಮದುವೆ ಮುರಿದು ಯಾರಿಗೂ ಮುಖ ತೋರಿಸಲಾರದೆ ಕೂತಿದ್ದಾಗ, ಶ್ರೀರಾಂಪುರದಲ್ಲಿ ಒಂದು ಮನೆ ಹುಡುಕಿ, ಕೆಳಗಡೆ ಹೊಲಿಗೆ ಅಂಗಡಿ ಹಾಕಿಸಿ, "ಇನ್ನು ಕತ್ತರಿ ಹಿಡಿ, ಅಳೋದು ಬಿಡು" ಎಂದವಳು ಅವಳೇ. ಅವಳ ಗಂಡ ಶಿವಣ್ಣ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಜಯಲಕ್ಷ್ಮಿಪುರಂನಲ್ಲಿ ಅವರ ಮನೆ. ಆಗ ಎಂಟು ವರ್ಷದ ಒಬ್ಬಳೇ ಮಗಳು, ಇಂಚರ.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಅಕ್ಕ ಬ್ಲೌಸ್ ಹೊಲಿಸಲು ಬಂದಳು. ಯಾವತ್ತೂ ಇಲ್ಲದ್ದು ಆ ಸಲ ಕಾಲರ್ ಇಟ್ಟು ಹೊಲಿ ಎಂದಳು. ಅಳತೆಗೆಂದು ಕತ್ತಿನ ಸುತ್ತ ಟೇಪು ಹಾಕಿದಾಗ ಬೆರಳಿಗೆ ಗಂಟು ಸಿಕ್ಕಿತು. ಗೋಲಿಯಷ್ಟು, ಗಟ್ಟಿಯಾಗಿ. "ಇದೇನಕ್ಕ?" ಎಂದೆ. "ಅದನ್ನ ಮುಚ್ಚೋಕೇ ಕಾಲರ್ ಅಂದಿದ್ದು ಕಣೇ" ಎಂದು ನಕ್ಕಳು. ನಾನು ನಗಲಿಲ್ಲ. ಮಾರನೇ ದಿನವೇ ಎಳೆದುಕೊಂಡು ಡಾಕ್ಟರ ಹತ್ತಿರ ಹೋದೆ. ಶಿವರಾತ್ರಿಯ ಹೊತ್ತಿಗೆ ಆಪರೇಷನ್ ಆಯಿತು. ಥೈರಾಯ್ಡ್ ಗ್ರಂಥಿಯ ಕ್ಯಾನ್ಸರ್ ಎಂದರು. "ವಾಸಿಯಾಗೋ ಜಾತೀದು, ಹೆದರಬೇಡಿ" ಎಂದೂ ಹೇಳಿದರು. ಭಾವ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರು. ಡಿಪೋದಲ್ಲಿ, ಓಣಿಯಲ್ಲಿ, ಯಾರು ಕೇಳಿದರೂ "ವಾಸಿಯಾಗೋ ಜಾತೀದು" ಎನ್ನುತ್ತಿದ್ದರು.

ಉಳಿದದ್ದನ್ನು ಸುಡಲು ವಿಕಿರಣ ಇರುವ ಅಯೋಡಿನ್ ಕುಡಿಸಬೇಕಿತ್ತು. ಅದಕ್ಕೆ ಮೊದಲು ಕೆಲವು ವಾರ ಅಯೋಡಿನ್ ಇಲ್ಲದ ಊಟ. ಹಾಲು, ಮೊಟ್ಟೆ, ಅಂಗಡಿಯ ಪುಡಿ ಉಪ್ಪು ಎಲ್ಲ ಬಂದ್. ಉಪ್ಪು ಹುಡುಕಿಕೊಂಡು ದೇವರಾಜ ಮೊಹಲ್ಲಾದ ಅಂಗಡಿ ಅಂಗಡಿ ಅಲೆದೆ. "ಎಲ್ರೂ ಅಯೋಡಿನ್ ಇರೋ ಉಪ್ಪು ಕೇಳ್ತಾರೆ, ನೀವು ಇಲ್ದಿರೋದ್ನ ಕೇಳ್ತೀರಲ್ಲಮ್ಮ" ಎಂದು ಒಬ್ಬರು ನಕ್ಕರು. ಕೊನೆಗೆ ನಾರುಬೇರು ಮಾರುವ ಒಂದು ಗ್ರಂಧಿಗೆ ಅಂಗಡಿಯಲ್ಲಿ ಸೈಂಧವ ಲವಣ ಸಿಕ್ಕಿತು. ಆಪರೇಷನ್ ಆದಾಗಿನಿಂದ ಕೊಡುತ್ತಿದ್ದ ಥೈರಾಯ್ಡ್ ಮಾತ್ರೆಯನ್ನೂ ನಿಲ್ಲಿಸಿದ್ದರಿಂದ ಅಕ್ಕನ ಮುಖ ಊದಿಕೊಂಡಿತು, ಮಾತು ನಿಧಾನವಾಯಿತು. ಏಪ್ರಿಲ್ ಬಿಸಿಲಲ್ಲಿ ಊರೆಲ್ಲ ಬೆವರುತ್ತಿದ್ದರೆ ಅವಳು ಸ್ವೆಟರ್ ಹಾಕಿಕೊಂಡು ಉತ್ತರ ಪತ್ರಿಕೆ ತಿದ್ದುತ್ತಿದ್ದಳು.

ಮೇ ತಿಂಗಳಲ್ಲಿ ಆಸ್ಪತ್ರೆಯ ಒಂಟಿ ಕೋಣೆಯಲ್ಲಿ ಮೂರು ದಿನ ಇಟ್ಟುಕೊಂಡು ಔಷಧಿ ಕೊಟ್ಟರು. ಆಮೇಲೂ ಎರಡು ವಾರ ಮಕ್ಕಳ ಹತ್ತಿರ ಹೋಗಬಾರದು ಎಂದಿದ್ದರಿಂದ ಸೀದಾ ನನ್ನ ಮನೆಗೆ ಬಂದಳು. ಜೊಲ್ಲು ಗ್ರಂಥಿ ಕೆಡದಿರಲಿ ಎಂದು ಹುಳಿ ಚೀಪುತ್ತಿರಬೇಕಿತ್ತು. ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು ನಾನು ಕೆಳಗಿಳಿದ ಮೇಲೆ ಅವಳು ಬಂದು ತೆಗೆದುಕೊಳ್ಳುತ್ತಿದ್ದಳು. ನಾನು ಕೆಳಗಿನ ಮೆಟ್ಟಿಲಲ್ಲಿ, ಅವಳು ಮೇಲಿನ ಬಾಗಿಲಲ್ಲಿ. ಮಾತುಕತೆಯೆಲ್ಲ ಹಾಗೆಯೇ.

"ಇದು ಯಾವತ್ತು ಖಾಲಿಯಾಗುತ್ತಕ್ಕ ನಿನ್ನ ಮೈಯಿಂದ?" ಎಂದು ಒಂದು ಮಧ್ಯಾಹ್ನ ಕೇಳಿದೆ.

"ಎಂಟು ದಿನಕ್ಕೆ ಅರ್ಧ ಆಗುತ್ತೆ."

"ಅಂದ್ರೆ ಹದಿನಾರು ದಿನಕ್ಕೆ ಪೂರ್ತಿ."

ಅಕ್ಕ ನಕ್ಕಳು. ಆಪರೇಷನ್ ಆದ ಮೇಲೆ ಅವಳ ನಗುವಿಗೆ ಸದ್ದು ಇರಲಿಲ್ಲ. "ಇಲ್ಲ ಕಣೇ. ಹದಿನಾರಕ್ಕೆ ಅರ್ಧದಲ್ಲಿ ಅರ್ಧ. ಇನ್ನೆಂಟು ದಿನಕ್ಕೆ ಅದರಲ್ಲೂ ಅರ್ಧ. ಎಷ್ಟು ಉಳಿದಿದೆಯೋ ಅದರ ಅರ್ಧ ಮಾತ್ರ ಹೋಗೋದು. ಅದಕ್ಕೇ ಅದು ಸೊನ್ನೆಗೆ ಬರಲ್ಲ. ಲೆಕ್ಕಕ್ಕೆ ಬಾರದಷ್ಟು ಆಗುತ್ತೆ, ಅಷ್ಟೇ. ಹೋಗಿ ಒಂದು ಮೀಟರ್ ಲೈನಿಂಗ್ ಬಟ್ಟೆ ತಗೊಂಡು ಬಾ."

ತಂದೆ. "ಮಡಚು" ಎಂದಳು. ಮಡಚಿದೆ. "ಇನ್ನೊಂದು ಸಲ." ಪ್ರತಿ ಸಲವೂ ಉದ್ದ ಎಷ್ಟಾಯಿತು, ಪದರ ಎಷ್ಟಾಯಿತು ಎಂದು ಕೇಳುತ್ತಿದ್ದಳು. ಉದ್ದ ಅರ್ಧ, ಕಾಲು, ಅರೆಕಾಲು. ಪದರ ಎರಡು, ನಾಲ್ಕು, ಎಂಟು, ಹದಿನಾರು. ಆರನೇ ಮಡಿಕೆಗೆ ಅರವತ್ತನಾಲ್ಕು ಪದರವಾಗಿ ಕೈಯಲ್ಲಿ ಹಿಡಿಯಲಾಗಲಿಲ್ಲ.

"ನೋಡ್ದಾ? ಸವೆಯೋದೂ ಬೆಳೆಯೋದೂ ಒಂದೇ ಮಡಿಕೇಲಿದೆ. ಮೊದಲ ಮಡಿಕೆಗಳಲ್ಲಿ ನಿನಗೇನೂ ಕಷ್ಟ ಅನ್ನಿಸ್ಲಿಲ್ಲ. ಕೊನೆ ಎರಡರಲ್ಲಿ ಕೈ ಸೋತೋಯ್ತು. ಬೆಳೆಯೋ ಲೆಕ್ಕ ಯಾವಾಗ್ಲೂ ಹಾಗೇ. ಶುರುವಲ್ಲಿ ಸುಮ್ಮನಿದ್ದ ಹಾಗೆ ಇರುತ್ತೆ." ಆಮೇಲೆ ಸೇರಿಸಿದಳು, "ಇಷ್ಟು ತಿಳ್ಕೊಂಡಿದ್ರೆ ನೀನು ಎಸ್ಸೆಸ್ಸೆಲ್ಸಿ ಪಾಸಾಗ್ತಿದ್ದೆ ಕಣೇ."

ಮೂವತ್ತೆರಡು ವರ್ಷದ ನನಗೆ ಮೊದಲ ಸಲ ಗಣಿತ ಅರ್ಥವಾಗಿ ಖುಷಿಯಾಗಿತ್ತು. ಸಂಜೆ ಭಾವ ಬೈಕಿನಲ್ಲಿ ಇಂಚರಳನ್ನು ಕರೆತಂದು ರಸ್ತೆಯಲ್ಲೇ ನಿಲ್ಲಿಸುತ್ತಿದ್ದರು. "ಅಮ್ಮಾ, ಇವತ್ತು ಎಷ್ಟು ಮಿಕ್ಕಿದೆ?" ಎಂದು ಅವಳು ಕೂಗುವುದು, "ಅರ್ಧಕ್ಕೆ ಬಂತು ಕಂದ" ಎಂದು ಅಕ್ಕ ಮಹಡಿಯಿಂದ ಹೇಳುವುದು. ಎರಡು ವಾರ ಹೀಗೆ ಹೋಯಿತು. ಅಕ್ಕ ಮನೆಗೆ ಹೊರಟ ದಿನ ಇಂಚರ ಮೆಟ್ಟಿಲು ಹತ್ತಿ ಓಡಿ ಬಂದು ಅವಳ ಸೊಂಟವನ್ನು ತಬ್ಬಿಕೊಂಡಳು. ಆ ವರ್ಷದಲ್ಲಿ ನಾವೆಲ್ಲ ಸಂತೋಷವಾಗಿದ್ದ ದಿನ ಅದೊಂದೇ.

ಕಾಯಿಲೆ ಎಷ್ಟು ಉಳಿದಿದೆ ಎಂದು ತಿಳಿಯಲು ಎರಡು ತಿಂಗಳಿಗೊಮ್ಮೆ ರಕ್ತದ ಪರೀಕ್ಷೆ ಇತ್ತು. ಏಪ್ರಿಲ್‌ನಲ್ಲಿ ಬಂದಿದ್ದ ಅಂಕಿ ಏಳು. ಜೂನ್‌ನಲ್ಲಿ ಹದಿನಾಲ್ಕು. ಔಷಧಿ ಕೆಲಸ ಮಾಡಲು ಸಮಯ ಬೇಕು ಎಂದರು. ಆಗಸ್ಟ್‌ನಲ್ಲಿ ಇಪ್ಪತ್ತೆಂಟು. ಭಾವನಿಗೆ ಡ್ಯೂಟಿ ಇದ್ದುದರಿಂದ ಆ ದಿನ ಅಕ್ಕನ ಜೊತೆ ನಾನು ಹೋಗಿದ್ದೆ. ಸ್ಕ್ಯಾನಿನಲ್ಲಿ ಶ್ವಾಸಕೋಶದ ತುಂಬ ರಾಗಿ ಕಾಳಿನಂಥ ಚುಕ್ಕೆಗಳು ಕಾಣುತ್ತಿವೆ, ಅವು ಅಯೋಡಿನ್ನನ್ನು ಹೀರುತ್ತಿಲ್ಲ, ಬೇರೆ ಮಾತ್ರೆ ಕೊಟ್ಟು ನೋಡೋಣ ಎಂದು ಡಾಕ್ಟರ್ ಮೆಲ್ಲಗೆ ಹೇಳಿದರು. ಹೊರಗೆ ಆಷಾಢದ ಗಾಳಿ ಮುಗಿದು ಶ್ರಾವಣದ ಜಿಟಿಜಿಟಿ ಮಳೆ. ಇಬ್ಬರೂ ಆಟೋ ಹಿಡಿದೆವು. ಅಂಗಡಿಗೆ ಬಂದು ಅಕ್ಕ ನನ್ನ ಕಟಿಂಗ್ ಟೇಬಲ್ ಮುಂದೆ ಕೂತು, ಬ್ಯಾಗಿನಿಂದ ಗ್ರಾಫ್ ಹಾಳೆ ತೆಗೆದಳು. ಮೂರು ಚುಕ್ಕೆ ಇಟ್ಟಳು. ಪೆನ್ಸಿಲಿನಿಂದ ಅವುಗಳನ್ನು ಸೇರಿಸಿ, ಗೆರೆಯನ್ನು ಮುಂದಕ್ಕೆ ಎಳೆದಳು. ಮೊದಮೊದಲು ನೆಲಕ್ಕೆ ಅಂಟಿಕೊಂಡಂತಿದ್ದ ಗೆರೆ ಹಾಳೆಯ ಬಲಗಡೆಗೆ ಬರುತ್ತಿದ್ದಂತೆ ಏಣಿಯ ಹಾಗೆ ಎದ್ದು ನಿಂತಿತು. ಒಂದು ಕಡೆ ಸಣ್ಣ ಅಡ್ಡಗೀಟು ಹಾಕಿದಳು. ಕೆಳಗೆ ಓದಿದೆ: ಮಾರ್ಚ್.

"ಮಾರ್ಚ್‌ಗೆ ಏನಕ್ಕ?"

"ನಿಂಗೆ ಗೊತ್ತು ಶಶಿ. ಈಗ ನಿಂಗೆ ಲೆಕ್ಕ ಬರುತ್ತೆ."

ನನಗೆ ಗೊತ್ತಿತ್ತು. ಗೊತ್ತಾಗದೆ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅನ್ನಿಸಿತು. "ಬರೀ ಅಂದಾಜು ಕಣೇ" ಎಂದು ಅವಳೇ ಸಮಾಧಾನ ಹೇಳಿದಳು. ಆಮೇಲೆ ಕೈ ಹಿಡಿದುಕೊಂಡು, "ಒಂದು ಕೆಲಸ ಮಾಡು. ನಿಮ್ಮ ಭಾವಂಗೆ ನೀನೇ ಹೇಳು. ನಾನು ಹೇಳಿದ್ರೆ ಅವರು ನನ್ನ ಮುಂದೆ ಅಳಲ್ಲ, ಎಲ್ಲಾ ನುಂಗ್ಕೊಂಡ್ಬುಡ್ತಾರೆ. ನಿನ್ನ ಮುಂದೆ ಆದ್ರೆ ಅತ್ತು ಹಗುರಾಗಿ ಮನೆಗೆ ಬರ್ತಾರೆ" ಎಂದಳು.

"ಆಯ್ತಕ್ಕ" ಎಂದೆ.

ಮೂರು ದಿನ ಬಿಟ್ಟು ಭಾವ ಇಂಚರಳ ಯೂನಿಫಾರಂ ತೆಗೆದುಕೊಳ್ಳಲು ಅಂಗಡಿಗೆ ಬಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಶುರು ಮಾಡಿದರು. "ನಿಮ್ಮಕ್ಕನ ರಿಪೋರ್ಟ್ ನೋಡ್ದೆ ಶಶಿ. ಇಪ್ಪತ್ತೆಂಟಂತೆ. ಎರಡು ತಿಂಗಳಿಗೆ ಹದಿನಾಲ್ಕು ಏರ್ತು ಅಂದ್ರೂ ವರ್ಷಕ್ಕೆ ಎಂಬತ್ತೋ ತೊಂಬತ್ತೋ. ನನ್ ಶುಗರ್ರೇ ಇನ್ನೂರೈತೆ! ನಾನ್ ಬಸ್ಸಿನ ಕೆಳಗೆ ಮಲಗಿ ಕೆಲ್ಸ ಮಾಡ್ತಿಲ್ವಾ?" ಅವರ ಬೆರಳ ಸಂದಿಯಲ್ಲಿ ಗ್ರೀಸ್ ಮೆತ್ತಿತ್ತು. ಮುಖದಲ್ಲಿ ಎಷ್ಟೋ ದಿನದ ಮೇಲೆ ನೆಮ್ಮದಿ ಇತ್ತು. ಹದಿನಾಲ್ಕು ಏರಿದ್ದಲ್ಲ ಭಾವ, ಎರಡರಷ್ಟಾಗಿದ್ದು, ಹೀಗೇ ಹೋದರೆ ಬರೋ ಆಗಸ್ಟಿಗೆ ಸಾವಿರದ ಎಂಟುನೂರು ಎಂದು ಹೇಳಬೇಕಿತ್ತು. ಹೇಳಲಿಲ್ಲ. ಬಟ್ಟೆಯನ್ನು ಕವರಿಗೆ ಹಾಕಿ ಕೊಟ್ಟೆ.

ಗಣೇಶನ ಹಬ್ಬ ಮುಗಿದ ವಾರ ಮತ್ತೆ ಬಂದರು. ಮಡಿಕೇರಿ ಡಿಪೋಗೆ ಮೂರು ತಿಂಗಳಿಗೆ ಮೆಕ್ಯಾನಿಕ್‌ಗಳು ಬೇಕಂತೆ, ಇವರು ಒಪ್ಪಿಕೊಂಡಿದ್ದರಂತೆ. "ಈಗ ಓಗಿ ಬಂದ್ಬುಟ್ರೆ ಮುಂದಿನ್ ವರ್ಷ ಯಾರೂ ನನ್ನ ಕದಲ್ಸಂಗಿಲ್ಲ. ರಜಾನೂ ಅಂಗೇ ಕೂಡಿಟ್ಕೊಂಡಿವ್ನಿ. ಅವ್ಳಿಗೆ ಕಷ್ಟ ಅಂತ ಬರೋದು ಮುಂದೆ ತಾನೇ? ಆವಾಗ ಮನೇಲೇ ಇದ್ಬುಡ್ತೀನಿ. ಅಲ್ಲೀಗಂಟ ನೀನು ಒಸಿ ನೋಡ್ಕೊಳವ್ವ" ಎಂದರು.

ಅದು ಹೇಳಬೇಕಾದ ಗಳಿಗೆ. "ಭಾವ, ಹೋಗಲೇಬೇಕಾ?" ಎಂದಷ್ಟೇ ಕೇಳಿದೆ. "ಅವ್ಳಿಗೋಸ್ಕರಾನೇ ಓಗೋದು ಕಣವ್ವ" ಎಂದರು. ನಾನು ಸುಮ್ಮನಾದೆ. ಅಳುವ ಗಂಡಸನ್ನು ನೋಡುವ ಧೈರ್ಯ ಇರಲಿಲ್ಲವೋ, ಹೇಳಿದರೆ ನಿಜವಾಗಿಬಿಡುತ್ತದೆ ಎಂಬ ಭಯವೋ, ಇವತ್ತಿಗೂ ನನಗೆ ತಿಳಿಯದು.

ಅವರು ಹೊರಟ ದಿನ ಅಕ್ಕನ ಮನೆಗೆ ಹೋದೆ. ಅವಳು ಅಡುಗೆಮನೆಯಲ್ಲಿ ಹುರುಳಿಕಾಯಿ ಸೋಸುತ್ತಿದ್ದಳು. ತಲೆ ಎತ್ತದೆ ಕೇಳಿದಳು, "ಅವರಿಗೆ ಹೇಳಿದ್ಯಾ?"

"ಹ್ಞೂಂ ಅಕ್ಕ. ಹೇಳಿದೆ."

ಆ ಎರಡು ಮಾತು ಯಾಕೆ ಬಂತೋ, ಎಷ್ಟು ಸಲೀಸಾಗಿ ಬಂತು! ಅಕ್ಕನ ಕೈ ನಿಂತಿತು. "ಹೇಳಿದ ಮೇಲೂ ಹೋದ್ರಾ" ಎಂದಳು. ಪ್ರಶ್ನೆಯಂತೆ ಅಲ್ಲ. ಆಮೇಲೆ, "ಹೋಗ್ಲಿ ಬುಡು. ದೂರ ಇದ್ರೆ ತಡ್ಕೊಳ್ಳೋಕಾಗುತ್ತೇನೋ ಅವರಿಗೆ" ಎಂದು ಮತ್ತೆ ಹುರುಳಿಕಾಯಿಗೆ ಕೈ ಹಾಕಿದಳು. ಆ ಗಳಿಗೆಯಲ್ಲಿಯೂ ನಾನು ಬಾಯಿ ಬಿಡಬಹುದಿತ್ತು.

ಹೊಸ ಮಾತ್ರೆಗೆ ಅವಳ ಅಂಗೈ ಅಂಗಾಲು ಸುಲಿದು ಕೆಂಪಾದವು. ಪೆನ್ಸಿಲ್ ಹಿಡಿಯಲಾಗದೆ ಅಕ್ಟೋಬರಿನ ಚುಕ್ಕೆಯನ್ನು ನನ್ನ ಕೈಯಲ್ಲಿ ಹಾಕಿಸಿದಳು. ನಲವತ್ತು. ಐವತ್ತಾರು ಬರಬೇಕಿದ್ದ ಕಡೆ ನಲವತ್ತು! ಚುಕ್ಕೆ ಅವಳ ಗೆರೆಗಿಂತ ಕೆಳಗೆ ಕೂತಿತು. ನಾನು ಪಕ್ಕದಲ್ಲಿ ತಾರೀಖು ಬರೆದು, ಕುಣಿದಾಡುವಷ್ಟು ಖುಷಿಪಟ್ಟೆ. ಭಾವನಿಗೆ ಹೇಳದೆ ಇದ್ದದ್ದೇ ಒಳ್ಳೆಯದಾಯಿತು ಎಂದು ಮನಸ್ಸಿಗೆ ನಾನೇ ಸಮಾಧಾನ ಹೇಳಿಕೊಂಡೆ. ದಸರೆಯ ದೀಪ ನೋಡಲು ಅಕ್ಕ, ಇಂಚರ, ನಾನು ಮೂವರೂ ಹೋಗಿದ್ದೆವು. ಭಾವ ಫೋನಿನಲ್ಲಿ, "ನೋಡ್ದಾ, ನಾನೇಳ್ಲಿಲ್ವಾ" ಎಂದರು.

ನವೆಂಬರಿನಲ್ಲಿ ಒಂದು ಶನಿವಾರ ಅಕ್ಕ ಇಂಚರಳನ್ನೂ ನನ್ನನ್ನೂ ಕಾಲೇಜಿಗೆ ಕರೆದುಕೊಂಡು ಹೋದಳು. ಮಗಳು ಒಂದು ಸಲ ಅಮ್ಮನ ಪಾಠ ನೋಡಲಿ ಎಂದು ಪ್ರಿನ್ಸಿಪಾಲರನ್ನು ಕೇಳಿದ್ದಳಂತೆ. ಹಿಂದಿನ ಬೆಂಚಿನಲ್ಲಿ ಕೂತೆವು. ಸೀಮೆಸುಣ್ಣ ಹಿಡಿಯಲಾಗದ್ದರಿಂದ ಒಬ್ಬ ಹುಡುಗಿಯನ್ನು ಬೋರ್ಡಿನ ಹತ್ತಿರ ನಿಲ್ಲಿಸಿ ಬರೆಸುತ್ತಿದ್ದಳು. ಪಾಠ ಘಾತೀಯ ಬೆಳವಣಿಗೆಯದ್ದು, ಅವರೆಲ್ಲ ಎಕ್ಸ್‌ಪೊನೆನ್ಶಿಯಲ್ ಎನ್ನುವುದು. ಅದೇ ಗೆರೆ ಬೋರ್ಡಿನ ಮೇಲೆ ಬಂತು. ಮೊದಲು ಮಲಗಿದ್ದು, ಆಮೇಲೆ ಎದ್ದದ್ದು.

"ಇದರ ಗುಣ ಏನಪ್ಪ ಅಂದ್ರೆ, ಎಷ್ಟಿದೆಯೋ ಅದಕ್ಕೆ ತಕ್ಕ ಹಾಗೆ ಬೆಳೆಯುತ್ತೆ. ಕಡಿಮೆ ಇದ್ದಾಗ ನಿಧಾನ, ಜಾಸ್ತಿ ಆದ ಹಾಗೆ ಜೋರು. ಮೈನಸ್ ಹಾಕಿದ್ರೆ ಇದೇ ಗೆರೆ ತಿರುಗಿ ಇಳಿಯುತ್ತೆ, ಮುಟ್ಟೀಮುಟ್ಟದ ಹಾಗೆ ನೆಲದ ಹತ್ತಿರಕ್ಕೆ."

ಮುಂದಿನ ಸಾಲಿನ ಒಬ್ಬ ಕೇಳಿದ, "ಮ್ಯಾಮ್, ಇದು ಹೀಗೇ ಮೇಲಕ್ಕೆ ಹೋಗ್ತಾನೇ ಇರುತ್ತಾ?"

ಅಕ್ಕ ಸ್ವಲ್ಪ ಹೊತ್ತು ಮೇಜಿಗೆ ಒರಗಿ ಉಸಿರು ತೆಗೆದುಕೊಂಡಳು. "ಪುಸ್ತಕದಲ್ಲಿ ಹೋಗುತ್ತೆ. ಲೋಕದಲ್ಲಿ ಯಾವುದೂ ಹಾಗೆ ಹೋಗಲ್ಲ. ಜಾಗ ಮುಗಿಯುತ್ತೆ, ಊಟ ಮುಗಿಯುತ್ತೆ. ಯಾವುದರೊಳಗೆ ಬೆಳೀತಿರುತ್ತೋ ಅದೇ ಮುಗಿದುಹೋಗುತ್ತೆ. ಆಗ ನಿಲ್ಲುತ್ತೆ."

ಹುಡುಗರು ಬರೆದುಕೊಂಡರು. ನಾನು ಬೆಂಚಿನ ಅಂಚನ್ನು ಹಿಡಿದುಕೊಂಡೆ. ಇಂಚರ ನನ್ನ ಕಿವಿಯಲ್ಲಿ, "ಚಿಕ್ಕಮ್ಮ, ಅಮ್ಮ ಎಷ್ಟ್ ಚೆನ್ನಾಗ್ ಹೇಳ್ತಾರಲ್ವಾ?" ಎಂದಳು.

ಡಿಸೆಂಬರಿನ ಅಂಕಿ ನೂರಹನ್ನೆರಡು. ಆಗಸ್ಟಿನಲ್ಲಿ ಅವಳು ಎಳೆದಿದ್ದ ಗೆರೆಯ ಮೇಲೇ ನನ್ನ ಚುಕ್ಕೆ ಬಂದು ಕೂತಿತು. ಅಕ್ಕ ನೋಡಿ ತಲೆಯಾಡಿಸಿದಳು, ಯಾರೋ ಪರಿಚಯದವರು ಮನೆಗೆ ಬಂದ ಹಾಗೆ. ಕ್ರಿಸ್‌ಮಸ್ ರಜೆಯ ಹೊತ್ತಿಗೆ ಭಾವ ಮಡಿಕೇರಿಯಿಂದ ವಾಪಸಾದರು. ಅಕ್ಕ ಅವರ ಹತ್ತಿರ ಮೆತ್ತಗೆ, ದೂರದವರ ಜೊತೆ ಮಾತಾಡಿದ ಹಾಗೆ ಮಾತಾಡುತ್ತಿದ್ದಳು. "ನಿಮ್ಮಕ್ಕ ಯಾಕೋ ಮುನ್ಸ್ಕೊಂಡವ್ಳೆ ಕಣೇ ಶಶಿ" ಎಂದು ಅವರು ನನ್ನನ್ನು ಕೇಳಿದರು. ಗೊತ್ತಿಲ್ಲ ಭಾವ ಎಂದೆ.

ಜನವರಿಯ ಕೊನೆಯಲ್ಲಿ ಒಂದು ಬೆಳಿಗ್ಗೆ ಕಾಲೇಜಿಗೆ ಹೊರಟ ಅಕ್ಕನಿಗೆ ಮನೆಯ ಮೆಟ್ಟಿಲಿಳಿಯುವಾಗ ಉಸಿರು ಸಿಕ್ಕಿಕೊಂಡಿತು. ಆಸ್ಪತ್ರೆಗೆ ಸೇರಿಸಿದರು. ಈ ಸಲ ಡಾಕ್ಟರ ಮುಂದೆ ಇದ್ದದ್ದು ಭಾವ. ಕೆಲವೇ ವಾರಗಳು ಎಂದು ಡಾಕ್ಟರ್ ಮುಚ್ಚಿಡದೆ ಹೇಳಿದರು. ಭಾವ ವಾರ್ಡಿಗೆ ಬಂದು ಮಂಚದ ಕಂಬಿ ಹಿಡಿದುಕೊಂಡು ಮಗುವಿನಂತೆ ಅತ್ತುಬಿಟ್ಟರು. "ನಂಗ್ಯಾರೂ ಏಳ್ಲೇ ಇಲ್ವಲ್ಲೇ ರತ್ನ. ನಾನು ರಜ ಕೂಡಿಡ್ತಾ ಕೂತಿದ್ನಲ್ಲೇ."

ಅವರ ಭುಜದ ಮೇಲಿಂದ ಅಕ್ಕ ನನ್ನನ್ನು ನೋಡಿದಳು. ಅವಳು ಎಲ್ಲವನ್ನೂ ಆ ಒಂದು ಕ್ಷಣದಲ್ಲಿ ಲೆಕ್ಕ ಹಾಕಿದ್ದು ನನಗೆ ಕಾಣಿಸಿತು. ಅವರು ಮಡಿಕೇರಿಗೆ ಹೊರಟಂದಿನಿಂದ ಅವತ್ತಿನವರೆಗೆ ಮನಸ್ಸಿನೊಳಗೆ ಗಂಡನನ್ನು ದೂರ ಇಟ್ಟುಕೊಂಡಿದ್ದ ಒಂದೊಂದು ದಿನವನ್ನೂ. ಆಮೇಲೆ ಅವರ ತಲೆಯ ಮೇಲೆ ಕೈಯಿಟ್ಟು, "ನಾನೇ ಯಾರಿಗೂ ಹೇಳ್ಬೇಡ ಅಂದಿದ್ದೆ ಕಣ್ರೀ. ತಪ್ಪು ನಂದೇ" ಎಂದಳು.

ಭಾವ ಮಾರನೇ ದಿನದಿಂದ ರಜೆ ಹಾಕಿದರು. ಏಳು ವಾರ ಅಕ್ಕನ ಪಕ್ಕದಲ್ಲೇ ಇದ್ದರು. ತಲೆ ಬಾಚಿದರು, ಗಂಜಿ ಕುಡಿಸಿದರು, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ ಇಂಚರಳ ಹೋಂವರ್ಕ್ ಅವಳ ಕೈಯಲ್ಲಿ ನೋಡಿಸಿದರು. ಅಕ್ಕ ಅವರನ್ನು ಒಂದು ಗಳಿಗೆಯೂ ಬಿಡುತ್ತಿರಲಿಲ್ಲ. ನನ್ನ ಹತ್ತಿರ ಆ ವಿಷಯವನ್ನು ಅವಳು ಒಂದು ಸಲವೂ ಎತ್ತಲಿಲ್ಲ. ಎತ್ತಿ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಮಾರ್ಚ್ ಮೂರನೇ ವಾರ, ಅವಳ ಹುಡುಗರು ಗಣಿತದ ಪರೀಕ್ಷೆ ಬರೆದ ಮಾರನೇ ದಿನ, ಮಧ್ಯಾಹ್ನ ಮೂರೂವರೆಗೆ ಅಕ್ಕ ಹೋದಳು. ಭಾವನ ರಜೆ ಇನ್ನೂ ಉಳಿದಿತ್ತು.

ಹನ್ನೊಂದನೇ ದಿನದ ಕಾರ್ಯ ಮುಗಿದು ನೆಂಟರೆಲ್ಲ ಹೊರಟ ಮೇಲೆ ಭಾವ ನನ್ನನ್ನು ಹಿತ್ತಿಲಿಗೆ ಕರೆದರು. ಕೈಯಲ್ಲಿ ಆ ಗ್ರಾಫ್ ಹಾಳೆ ಇತ್ತು. ಅವಳ ಪುಸ್ತಕದೊಳಗೆ ಸಿಕ್ಕಿತಂತೆ. ಅಕ್ಟೋಬರ್, ಡಿಸೆಂಬರ್ ಎಂದು ಬರೆದಿದ್ದದ್ದು ನನ್ನ ಅಕ್ಷರ. ನನ್ನ ರಸೀದಿ ಪುಸ್ತಕದ ಅಕ್ಷರ ಅವರಿಗೆ ಚೆನ್ನಾಗಿ ಗೊತ್ತು. ಅವರ ದನಿಯಲ್ಲಿ ಕೋಪ ಇರಲಿಲ್ಲ.

"ನಂಗೇಳ್ಬ್ಯಾಡ ಅಂತ ಆಣೆ ಆಕ್ಸಿದ್ಳಾ ನಿಮ್ಮಕ್ಕ?"

ಹೌದು ಎಂದರೆ ಮುಗಿಯುತ್ತಿತ್ತು. ಅಕ್ಕ ನನಗಾಗಿ ಬಾಗಿಲು ತೆಗೆದಿಟ್ಟೇ ಹೋಗಿದ್ದಳು.

"ಇಲ್ಲ ಭಾವ" ಎಂದೆ. "ನಿಮಗೆ ಹೇಳು ಅಂತ ಆಗಸ್ಟಲ್ಲೇ ಹೇಳಿದ್ಳು. ನನ್ನ ಕೈಲಿ ಆಗ್ಲಿಲ್ಲ. ಹೇಳ್ದೆ ಅಂತ ಅವಳಿಗೆ ಸುಳ್ಳು ಹೇಳ್ದೆ."

ಅವರು ಹಾಳೆಯಿಂದ ತಲೆ ಎತ್ತಿದರು. "ಅಂದ್ರೆ... ನಂಗೊತ್ತಿದ್ದೂ ನಾನು ಮಡಿಕೇರಿಗೆ ಓದೆ ಅಂತ ಅವ್ಳು..."

"ಹ್ಞೂಂ ಭಾವ."

ಅವರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು. ಹಾಳೆಯನ್ನು ಮಡಿಲಲ್ಲಿ ಇಟ್ಟುಕೊಂಡು, ಆ ಮೂರು ತಿಂಗಳ ಜಾಗದ ಮೇಲೆ ಹೆಬ್ಬೆರಳಿಂದ ಉಜ್ಜುತ್ತಾ ಇದ್ದರು. ಕೊನೆಗೆ "ನೀನು ಮನೆಗೋಗು ಶಶಿ" ಎಂದರು.

ಒಂದು ವರ್ಷ ಅವರು ನನ್ನ ಜೊತೆ ಮಾತಾಡಲಿಲ್ಲ. ಆದರೆ ಮಗುವನ್ನು ನನ್ನಿಂದ ಕಿತ್ತುಕೊಳ್ಳಲಿಲ್ಲ. ಪ್ರತಿ ಭಾನುವಾರ ಬೈಕಿನಲ್ಲಿ ತಂದು ಗೇಟಿನ ಹತ್ತಿರ ಇಳಿಸುತ್ತಾರೆ, ಸಂಜೆ ಬಂದು ಹಾರ್ನ್ ಹೊಡೆಯುತ್ತಾರೆ. ಎರಡನೇ ವರ್ಷದಿಂದ "ಊಟ ಮಾಡಿದ್ಳಾ?" ಎಂಬಷ್ಟು ಮಾತು ಶುರುವಾಯಿತು. ಗೇಟು ದಾಟಿ ಬರುವುದಿಲ್ಲ, ಬೈಕ್ ಆಫ್ ಮಾಡುವುದೂ ಇಲ್ಲ. ಕಾಲು ಊರಿಕೊಂಡು, ಎಂಜಿನ್ ಓಡಿಸಿಕೊಂಡೇ ನಿಂತಿರುತ್ತಾರೆ. ಇಂಚರಳಿಗೆ ಈಗ ಹನ್ನೆರಡು. ಅಪ್ಪ ಯಾಕೆ ಒಳಗೆ ಬರಲ್ಲ ಎಂದು ಕೇಳುವುದನ್ನು ಅವಳು ಬಿಟ್ಟಿದ್ದಾಳೆ. ಒಂದು ದಿನ ಅವಳಿಗೂ ಹೇಳಬೇಕು. ಅದನ್ನು ಬೇರೆ ಯಾರಾದರೂ ಹೇಳುವ ಮೊದಲು ನಾನೇ ಹೇಳಬೇಕು.

ಹೋದ ಭಾನುವಾರ ಇಂಚರ ಬ್ಯಾಗು ತರಲು ಮೇಲೆ ಹೋಗಿದ್ದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಭಾವ ಬೈಕ್ ಆಫ್ ಮಾಡಿದರು. ರಸ್ತೆ ಒಮ್ಮೆಲೇ ನಿಶ್ಶಬ್ದವಾಯಿತು. ಅವರ ಮೀಸೆಯೆಲ್ಲ ಬೆಳ್ಳಗಾಗಿರುವುದು ಆಗ ನನ್ನ ಕಣ್ಣಿಗೆ ಬಿತ್ತು.

"ಚೆನ್ನಾಗಿದ್ದೀಯಾ ಶಶಿ?" ಎಂದರು.

"ಹ್ಞೂಂ ಭಾವ" ಎಂದೆ. ಒಳಗೆ ಬನ್ನಿ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಇಂಚರ ಇಳಿದು ಬಂದಳು, ಅವರು ಬೈಕ್ ಸ್ಟಾರ್ಟ್ ಮಾಡಿದರು.